ನೀಲಿ ರೌಡಿಗೊಬ್ಬ ಜೊತೆಗಾರ

ನನ್ನ ಕೆನ್ನೆ ಗಾಜಿಗೆ ಅಂಟಿತ್ತು. ಕತ್ತಿನ ಮೇಲೆ ದಾಂಡಿಗನೊಬ್ಬನ ಕೈ. ಗಾಜಿನ ಆಚೆ, ಉಪ್ಪುನೀರಿನಲ್ಲಿ, ಪುಟ್ಟ ಕಣ್ಣೊಂದು ನನ್ನನ್ನೇ ನೋಡುತ್ತಿತ್ತು.

ಟ್ರಿಗರ್ ಮೀನು! ಮೈಯೆಲ್ಲ ನೀಲಿ. ಬಾಯಿತುಂಬ ಹಲ್ಲು.

"ಇನ್ನೊಂದ್ಸಲ ಬೊಗಳು. ನನ್ನ ಮೀನುಗಳನ್ನ ಕೊಂದೋರು ಯಾರು?"

ಕೇಳಿದವನು ಲಾರಿ ಕಂಪನಿಯ ಯಜಮಾನ.

"ಹೇಳಿದ್ನಲ್ಲ ಸ್ವಾಮಿ... ಇದೇ. ನಿಮ್ಮ ಮುದ್ದಿನ ಮೀನೇ."

ಕೈ ಇನ್ನಷ್ಟು ಬಿಗಿಯಾಯಿತು.

ಕೇಳಿ. ಆಫೀಸಿನ ಆ ತೊಟ್ಟಿಗೆ ಯಜಮಾನ ತಂದು ಬಿಟ್ಟ ಹೊಸ ಮೀನು ಒಂದೂ ಉಳಿಯುತ್ತಿರಲಿಲ್ಲ. ಬೆಳಗಾದರೆ ಹೆಣ. ತೊಟ್ಟಿ ನೋಡಿಕೊಳ್ಳುತ್ತಿದ್ದವನು ಅವನ ಹೆಂಡತಿಯ ತಮ್ಮ. ವಿಷ ಹಾಕಿದ್ದು ಅವನೇ ಎಂದು ಯಜಮಾನ ತೀರ್ಪು ಕೊಟ್ಟಾಗಿತ್ತು. ಅವನನ್ನು ಪಕ್ಕದ ಪಂಪ್ ರೂಮಿನಲ್ಲಿ ಕೂಡಿಹಾಕಿ, ಬಾಯಿ ಬಿಡಿಸಲು ನನ್ನನ್ನು ಕರೆಸಿದ್ದ. ಸಂಜೆಯ ಲಾರಿ ಹೊರಡುವುದರೊಳಗೆ ಒಪ್ಪಿಕೊಳ್ಳದಿದ್ದರೆ ಬೆರಳು ಮುರಿದು, ಅದೇ ಲಾರಿಗೆ ತುಂಬಿ, ಗಡಿಯಾಚೆ ಎಸೆದು ಬರುವುದಂತೆ!

ಬಾಯಿ ಬಿಡಿಸುವುದು ನನ್ನ ಕಸುಬು. ಆದರೆ ನಾನು ಮೊದಲು ಹೆಣ ನೋಡುತ್ತೇನೆ.

"ಬಕೆಟ್ಟಲ್ಲಿರೋ ಹೆಣ ನೋಡಿದ್ರಾ? ಬಾಲ ಅರ್ಧ ಇಲ್ಲ. ವಿಷಕ್ಕೆ ಹಲ್ಲಿರುತ್ತಾ? ವಿಷ ಬಿದ್ದಿದ್ರೆ ಈ ನೀಲಿ ರೌಡಿ ಒಬ್ನೇ ಹೇಗೆ ಉಳ್ಕೊಂಡ?"

"ಏಯ್! ಅದು ಸಾಧು ಪ್ರಾಣಿ. ನನ್ನ ಕೈಯಿಂದ ತಿನ್ನುತ್ತೆ!"

"ಇಕ್ಕಳದಿಂದ!" ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. "ಅದೂ ತಿನ್ಸೋದು ನನ್ನ ತಮ್ಮ. ನೀವು ಯಾವತ್ತು ಕೈ ಒದ್ದೆ ಮಾಡ್ಕೊಂಡಿದ್ದೀರಿ?"

"ಸಾಧು ಅಂದ್ರಲ್ಲ... ನೀರಿಗೆ ಕೈ ಇಳಿಸಿ ಮತ್ತೆ," ಎಂದೆ ನಾನು.

ದಾಂಡಿಗರು ನೋಡುತ್ತಿದ್ದರು. ಹೆಂಡತಿ ನೋಡುತ್ತಿದ್ದಳು. ಜಂಬಕ್ಕೆ ಇಷ್ಟು ಸಾಕು. ಯಜಮಾನ ಅಂಗಿಯ ತೋಳು ಮಡಚಿ, ಸರಿಯಾಗಿ ಆ ಮೀನಿನ ಬಂಡೆಯ ಪಕ್ಕಕ್ಕೇ ಕೈ ಇಳಿಸಿದ.

ಕಟಕ್!

"ಅಯ್ಯಯ್ಯೋ... ಬೆರಳು! ಬೆರಳು!"

ನೀರು ಕೆಂಪಾಯಿತು. ಸಾಧು ಪ್ರಾಣಿ ಒಂದು ಸುತ್ತು ಹಾಕಿ ಇನ್ನೊಂದು ತುತ್ತಿಗೆ ಬಂತು.

ಕತ್ತಿನ ಮೇಲಿನ ಕೈ ಸಡಿಲವಾಯಿತು. ನನ್ನ ಮೊಣಕೈ ಹಿಂದಕ್ಕೆ ಹೋಯಿತು. ದಾಂಡಿಗ ಹೊಟ್ಟೆ ಹಿಡಿದು ಕುಳಿತ. ಎರಡನೆಯವನು ನುಗ್ಗಿ ಬಂದು, ಚೆಲ್ಲಿದ ನೀರಿನಲ್ಲಿ ಜಾರಿ ಬಿದ್ದ. ನಾನು ಓಡಿಹೋಗಿ ಪಂಪ್ ರೂಮಿನ ಚಿಲಕ ತೆಗೆದೆ.

"ಹಿಡೀರೋ ಅವನನ್ನ!"

"ಮೊದಲು ಇವರನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ರೋ," ಎಂದಳು ಹೆಂಡತಿ. "ಬೆರಳು ಉದುರಿಹೋದೀತು."

ಯಜಮಾನನನ್ನೂ ದಾಂಡಿಗರನ್ನೂ ಹೊತ್ತು ಜೀಪು ಹೊರಟಿತು. ತಮ್ಮ ಕಣ್ಣುಜ್ಜುತ್ತ ಹೊರಗೆ ಬಂದ.

"ಬಾವ ತರೋದೆಲ್ಲ ಮೆತ್ತನೆಯವು. ಎದುರು ತಿರುಗದೇ ಇರೋವು. ಅವು ಇದಕ್ಕೆ ಜೊತೆಯಲ್ಲ ಅಣ್ಣ, ಊಟ."

"ಮತ್ತೆ ಎಂಥದು ಬೇಕು?"

"ಇದಕ್ಕಿಂತ ದೊಡ್ಡದು, ಗಟ್ಟಿ ಪಿಂಡ. ಬಣ್ಣ, ಆಕಾರ ಎರಡೂ ಬೇರೆ ಇರಬೇಕು. ಇದು ಮೊದಲೇ ಬಂದು ಕೂತು, ತೊಟ್ಟಿ ಅಪ್ಪನ ಆಸ್ತಿ ಅಂದ್ಕೊಂಡಿದೆ. ಹೊರಗೆ ತೆಗೆದು, ಬಂಡೆ ಎಲ್ಲ ಬದಲಾಯ್ಸಿ, ಹೊಸಬರನ್ನ ಮೊದಲು ಬಿಟ್ಟು, ಇದನ್ನ ಕೊನೇಲಿ ಬಿಡಬೇಕು. ಎಷ್ಟು ಸಲ ಹೇಳ್ದೆ!"

ರೌಡಿ ಬೆನ್ನಿನ ಮುಳ್ಳೆತ್ತಿ ಬಂಡೆಯ ಸಂದಿಗೆ ಸಿಕ್ಕಿಸಿಕೊಂಡಿತ್ತು. ಹುಡುಗ ಬಂಡೆಯ ಸಮೇತ ಎತ್ತಿ ಉಪ್ಪುನೀರಿನ ಟಬ್ಬಿಗೆ ಹಾಕಿದ. ಉಳಿದ ಬಂಡೆಗಳನ್ನು ಅಡಿಮೇಲು ಮಾಡಿದ. ಪಂಪ್ ರೂಮಿನ ಡ್ರಮ್ಮಿನಲ್ಲಿ ಬಾವನಿಗೆ ತಿಳಿಯದಂತೆ ಸಾಕಿದ್ದ ದಪ್ಪ ಬಾಯಿಯ ಕಂದು ಗ್ರೂಪರ್ ಮೀನನ್ನು ತೊಟ್ಟಿಗೆ ಬಿಟ್ಟ.

ಅಕ್ಕ ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿದಳು.

"ಇಷ್ಟೇನಾ?" ಎಂದಳು. ಆಮೇಲೆ ಗಂಡನ ಮೇಜಿನ ಒಂದು ತುದಿ ಹಿಡಿದಳು. "ಅಣ್ಣ, ಆ ಕಡೆ ಸ್ವಲ್ಪ ಎತ್ತಿ."

ಯಜಮಾನ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದಾಗ ಮೇಜು ಎದುರು ಗೋಡೆಗಿತ್ತು. ಅವನ ಕುರ್ಚಿಯಲ್ಲಿ ಅವಳಿದ್ದಳು.

"ಏನೇ ಇದು? ಲಾರಿ ಎಲ್ಲಿ?"

"ಹೊರಟಾಯ್ತು. ನನ್ನ ತಮ್ಮ ಇಲ್ಲೇ ಇದ್ದಾನೆ. ಇನ್ಮೇಲೂ ಇಲ್ಲೇ ಇರ್ತಾನೆ."

"ಎಬ್ಬಿಸ್ರೋ ಇವಳನ್ನ!"

ದಾಂಡಿಗರು ನೆಲ ನೋಡಿದರು. ಅವರನ್ನೂ ಅವನೇ ಆರಿಸಿ ತಂದಿದ್ದ, ಮೆತ್ತನೆಯವರನ್ನೇ. ಕುರ್ಚಿಗೆ ತಲೆಬಾಗುವುದೊಂದೇ ಅವರಿಗೆ ಬರುತ್ತಿದ್ದ ವಿದ್ಯೆ.

"ಕೂತ್ಕೊಳ್ಳಿ," ಎಂದು ಅವಳು ಸ್ಟೂಲು ತೋರಿಸಿದಳು.

ಹುಡುಗ ರೌಡಿಯನ್ನು ತೊಟ್ಟಿಗೆ ಬಿಟ್ಟ. ಅದು ತನ್ನ ಸಂದಿಯನ್ನು ಹುಡುಕಿ ಸುತ್ತಿತು. ಗ್ರೂಪರ್ ಬಾಯಿ ತೆರೆಯಿತು. ಇತ್ತ ಯಜಮಾನನೂ ರೂಮಿನಲ್ಲೊಂದು ಸುತ್ತು ಹಾಕಿ... ಸ್ಟೂಲಿನ ಮೇಲೆ ಕುಳಿತ.

ಮೀನಿಗಾದರೂ ಒಂದಿಷ್ಟು ಮಾನವಿತ್ತು. ಮೂಲೆ ಸೇರಲು ಅದು ಇನ್ನೂ ಅರ್ಧ ಗಂಟೆ ತೆಗೆದುಕೊಂಡಿತು!