ಬೆಳಗಿನ ಮಾತ್ರೆಗಳು

"ನೋಡಿ! ನೀವೇ ನೋಡಿ! ಬೆಳಗಿನ ಮಾತ್ರೆ ಒಂದೂ ಖರ್ಚಾಗಿಲ್ಲ!"

ನಮ್ಮ ವಿದ್ಯಾರ್ಥಿನಿಯ ಅಣ್ಣ ಔಷಧಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಮಧ್ಯಾಹ್ನದ ಸ್ಟ್ರಿಪ್ಪುಗಳು ಮುಗಿಯುತ್ತ ಬಂದಿದ್ದವು. ರಾತ್ರಿಯವೂ ಅಷ್ಟೇ. ಬೆಳಗಿನವು ಮಾತ್ರ ಅಂಗಡಿಯಿಂದ ತಂದ ಹಾಗೇ ಇದ್ದವು.

"ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ಮಾತ್ರೆ ಇದು. ಇದು ಹೊಟ್ಟೆಗೆ ಹೋಗ್ಲಿಲ್ಲ. ಅಪ್ಪನಿಗೆ ಎರಡನೇ ಸಲ ಸ್ಟ್ರೋಕ್ ಆಯ್ತು, ಈಗ ಆಸ್ಪತ್ರೇಲಿ ಮಲಗಿದಾರೆ. ಬೆಳಿಗ್ಗೆ ನಾನು ಡ್ಯೂಟಿಗೆ ಹೋಗಿರ್ತೀನಿ, ಇವಳು ಕಾಲೇಜಿಗೆ. ಮನೇಲಿ ಇರೋದ್ಯಾರು? ಅತ್ತೆ ಒಬ್ರೇ! ಅವರಿಗೆ ಹೇಳಿಬಿಟ್ಟಿದೀನಿ — ಸಂಜೆಯೊಳಗೆ ಮನೆ ಖಾಲಿ ಮಾಡ್ಬೇಕು. ಇಲ್ಲಾಂದ್ರೆ ಪೊಲೀಸ್."

ಅತ್ತೆ ಎಂದರೆ ರೋಗಿಯ ಅಕ್ಕ. ಬಟ್ಟೆಯ ಚೀಲವನ್ನು ಎದೆಗವುಚಿಕೊಂಡು ಬಾಗಿಲ ಬಳಿ ನಿಂತಿದ್ದರು. ಗಂಡ ಹೋದ ಮೇಲೆ ಅವರಿಗೆ ಈ ತಮ್ಮನ ಮನೆ ಬಿಟ್ಟರೆ ಬೇರೆ ದಿಕ್ಕಿರಲಿಲ್ಲ.

ನಾವು ಬಂದದ್ದು ಇದಕ್ಕಲ್ಲ. ಆ ಹುಡುಗಿ ನಮ್ಮ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ಡಿಸೈನ್ ಓದುವವಳು, ಕೊನೆಯ ವರ್ಷ. ಇವತ್ತು ಅವಳ ಪ್ರಾಜೆಕ್ಟಿನ ಪರೀಕ್ಷೆ. "ನಾನು ಬರಲ್ಲ, ಅಪ್ಪನ್ನ ನೋಡ್ಕೊಳ್ಳೋರಿಲ್ಲ, ಕೋರ್ಸ್ ಬಿಡ್ತಿದ್ದೀನಿ" ಎಂದು ಒಂದೇ ಸಾಲಿನ ಮೆಸೇಜು ಕಳಿಸಿದ್ದಳು. ಅದನ್ನು ಓದಿದ ನಮ್ಮ ಮೇಡಂ, "ಏಳಿ ಮೇಷ್ಟ್ರೇ, ಗಾಡಿ ತೆಗೀರಿ" ಅಂದರು. ಊಟಕ್ಕೆ ಕೂತವನನ್ನು ಎಬ್ಬಿಸುವುದು ಅವರ ಹಳೆಯ ಚಾಳಿ.

ಮೇಡಂ ಮಾಹಿತಿ ವಿನ್ಯಾಸ ಕಲಿಸುತ್ತಾರೆ. ನೋಡಿದ ತಕ್ಷಣ ಅರ್ಥವಾಗುವ ಹಾಗೆ ವಿಷಯವನ್ನು ಹಾಳೆಗೆ ಇಳಿಸುವ ವಿದ್ಯೆ. ಹುಡುಗರು ಅವರಿಗೆ ಇಟ್ಟ ಹೆಸರು ಭೂತಗನ್ನಡಿ. ಕೂದಲೆಳೆಯಷ್ಟು ಗೆರೆ ಆಚೀಚೆಯಾದರೂ ಹಿಡಿಯುತ್ತಾರೆ. ವಿಭಾಗದಲ್ಲಿ ಏನೇ ಕಳುವಾದರೂ ಕಳ್ಳರನ್ನು ಹಿಡಿದುಕೊಡುವವರು ಅವರೇ. ನಾನು ಪ್ರಿಂಟಿಂಗ್ ಕಲಿಸುವವನು, ಅವರ ಬಾಲಂಗೋಚಿ.

"ಮಾತ್ರೆ ಯಾರು ಕೊಡ್ತಿದ್ರು?" ಮೇಡಂ ಕೇಳಿದರು.

"ಯಾರೂ ಕೊಡೋ ಹಾಗಿರ್ಲಿಲ್ಲ ಮೇಡಂ," ಹುಡುಗಿ ಅಂದಳು. "ಅಪ್ಪ ಬಸ್ ಡ್ರೈವರ್ ಆಗಿದ್ದವರು. ಯಾರ ಮಾತೂ ಕೇಳಲ್ಲ. ಮೊದಲ್ನೇ ಸಲ ಸ್ಟ್ರೋಕ್ ಆದ ಮೇಲೂ 'ನಾನೇನು ಕೂಸಾ, ಬಾಯಿಗೆ ಹಾಕೋಕೆ?' ಅಂತ ಬೈತಿದ್ರು. ಅದಕ್ಕೇ ನನ್ನ ಪ್ರಾಜೆಕ್ಟೇ ಇದಾಯ್ತು. ಗೋಡೆಯಲ್ಲಿ ಚಿತ್ರ ನೋಡ್ಕೊಂಡು ಅವರೇ ಡಬ್ಬಿಯಿಂದ ತಗೋಬೇಕು."

ಗೋಡೆಯ ಮೇಲೆ ಅವಳ ಹಾಳೆ ಇತ್ತು. ಅಕ್ಕಪಕ್ಕ ಮೂರು ಸಾಲು — ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ. ಒಂದೊಂದರ ಕೆಳಗೂ ಮಾತ್ರೆಯ ಬಣ್ಣ, ಆಕಾರ. ನಿಜ ಹೇಳಬೇಕೆಂದರೆ ಕಣ್ಣಿಗೆ ಹಬ್ಬ. ನಮ್ಮ ವಿಭಾಗದಲ್ಲಿ ಅಂಥದ್ದು ಅಪರೂಪ.

"ಅತ್ತೆ ಏನು ಮಾಡ್ತಿದ್ರು?"

"ತಗೊಂಡ್ಯೇನೋ ಅಂತ ಕೇಳ್ತಿದ್ದೆ," ಅತ್ತೆ ಬಾಯಿ ಬಿಟ್ಟರು. "'ಇದ್ದಿದ್ದೆಲ್ಲ ತಗೊಂಡೆ' ಅಂತಿದ್ದ. ನಾನೂ ನಂಬಿಬಿಟ್ಟೆ. ಡಬ್ಬಿ ಮುಟ್ಟಿದ್ರೆ ರೇಗ್ತಿದ್ದ."

"ಸುಳ್ಳು!" ಅಣ್ಣ ಹರಿಹಾಯ್ದ. "ಇವರಿಗೂ ಅಪ್ಪನಿಗೂ ಜಗಳ ಆಗಿತ್ತು. 'ಹಾಳಾಗ್ಹೋಗು, ಇನ್ನು ನನ್ ಕೈಲಾಗಲ್ಲ' ಅಂತ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿದೆ. ಕೇಳಿ ಬೇಕಾದ್ರೆ!"

"ಅಂದಿದ್ದು ನಿಜಾನಾ?"

"ನಿಜ ತಾಯಿ. ಅಂದೆ. ನನ್ನ ನಾಲಿಗೆಗೆ ಬೆಂಕಿ ಬೀಳ."

ಮುಗಿಯಿತು ಅಂದುಕೊಂಡೆ. ಬೆಳಗಿನ ಮಾತ್ರೆ ಉಳಿದಿದೆ, ಬೆಳಿಗ್ಗೆ ಮನೆಯಲ್ಲಿದ್ದವರು ಒಬ್ಬರೇ, ಜಗಳವೂ ಆಗಿದೆ. ಇನ್ನೇನು ಬೇಕು? ಆದರೆ ಮೇಡಂ ಸ್ಟ್ರಿಪ್ಪುಗಳನ್ನು ತಿರುವಿ ಹಾಕುತ್ತಲೇ ಇದ್ದರು.

"ಹೋದ ತಿಂಗಳ ಬೆಳಗಿನ ಮಾತ್ರೆ ಏನಾಯ್ತು?"

"ಅವೆಲ್ಲ ಮುಗಿದಿತ್ತು," ಅಣ್ಣ ಒಪ್ಪಿಕೊಂಡ.

"ಆಗಲೂ ಬೆಳಿಗ್ಗೆ ಇದ್ದಿದ್ದು ಅತ್ತೆ ಒಬ್ಬರೇ ತಾನೆ?"

ಅವನು ಬೋರಲಾಗಿದ್ದ ಡಬ್ಬಿಯನ್ನು ಎತ್ತಿ ನೆಟ್ಟಗಿಟ್ಟ.

ಮೇಡಂ ಅತ್ತೆಯ ಕಡೆ ತಿರುಗಿದರು. "ತಮ್ಮ ಊಟ ಸರಿಯಾಗಿ ಮಾಡ್ತಿದ್ರಾ?"

"ಅಯ್ಯೋ, ಅದೊಂದು ದೊಡ್ಡ ಹಠ. ಅರ್ಧ ತಟ್ಟೆ ತಿಂದು, 'ಅಷ್ಟೇನಾ ಹಾಕಿದ್ದು? ಇನ್ನೂ ಹಾಕು' ಅಂತಿದ್ದ. ತಟ್ಟೆಯಲ್ಲಿ ಅನ್ನ ಹಾಗೇ ಇರೋದು! ಕೊನೆಗೆ ತಟ್ಟೆ ತಿರುಗಿಸಿ ಇಟ್ರೆ, ಹೊಸದಾಗಿ ಬಡಿಸಿದೆ ಅನ್ಕೊಂಡು ತಿಂತಿದ್ದ. ವಯಸ್ಸಾದ ಮೇಲೆ ಬುದ್ಧಿ ಹಿಂಗಾಯ್ತಲ್ಲ ಅಂತ ನಾವೆಲ್ಲ ನಗ್ತಿದ್ವಿ."

ಮೇಡಂ ನಗಲಿಲ್ಲ. "ಯಾವ ಅರ್ಧ ಬಿಡ್ತಿದ್ರು?"

ಅತ್ತೆ ಕಣ್ಣು ಮುಚ್ಚಿ, ತಮ್ಮನ ಜಾಗದಲ್ಲಿ ತಾವೇ ಕೂತ ಹಾಗೆ ಗಾಳಿಯಲ್ಲಿ ಕೈ ಆಡಿಸಿದರು. "ಎಡಗಡೆ."

"ಗೋಡೆಯಲ್ಲಿ ಮೊದಲು ಯಾವ ಹಾಳೆ ಇತ್ತು?" ಈ ಪ್ರಶ್ನೆ ಹುಡುಗಿಗೆ.

ಅವಳು ಬೀರುವಿನ ಹಿಂದಿನಿಂದ ಒಂದು ಸುರುಳಿ ತಂದು ಬಿಚ್ಚಿದಳು. ಅವೇ ಚಿತ್ರಗಳು. ಆದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಒಂದರ ಕೆಳಗೊಂದು, ಬಲ ಅಂಚಿಗೆ ಒತ್ತಿ ಕೂತಿದ್ದವು. ಎಡಗಡೆ ಅರ್ಧ ಹಾಳೆ ಬಟ್ಟಬಯಲು.

ಮೇಡಂ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಹೀಗೆ ಯಾಕೆ ಮಾಡಿದ್ದೆ?"

"ಗೊತ್ತಿಲ್ಲ ಮೇಡಂ. ಬೇರೆ ಬೇರೆ ಥರ ಬರೆದು ಅಪ್ಪನ ಮುಂದೆ ಇಟ್ಟೆ. ಎಲ್ಲದರಲ್ಲೂ ತಪ್ಪಿದ್ರು, ಇದೊಂದರಲ್ಲಿ ತಪ್ಪಲಿಲ್ಲ. ಅದಕ್ಕೇ ಇದೇ ಇರ್ಲಿ ಅಂತ ಬಿಟ್ಟೆ."

"ಹೊಸದು ಯಾವಾಗ ಅಂಟಿಸಿದೆ?"

"ಈ ತಿಂಗಳ ಮಾತ್ರೆ ತಂದ ದಿನಾನೇ. ನೀವು..." ಹುಡುಗಿ ತಡವರಿಸಿದಳು. "ನೀವು ತಿದ್ದಿ ಕೊಟ್ರಲ್ಲ, ಆಮೇಲೆ."

ಹಳೆಯ ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನ ಅಕ್ಷರ ನನಗೂ ಕಂಡಿತು. "ಅರ್ಧ ಹಾಳೆ ದಂಡ. ಮೂರನ್ನೂ ಅಕ್ಕಪಕ್ಕ ತಾ." ಆ ಕೈಬರಹ ಯಾರದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೇಡಂ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದರು. ಕೇಳಿದ್ದು ಒಂದೇ ಪ್ರಶ್ನೆ. ಆ ಕಡೆಯ ಮಾತು ಮುಗಿಯುವವರೆಗೂ "ಹ್ಞೂಂ" ಎನ್ನುತ್ತಿದ್ದರು. ಆಮೇಲೆ ಕೂತರು.

"ಮಾತ್ರೆ ಯಾರೂ ತಪ್ಪಿಸಿಲ್ಲ," ಎಂದರು. "ಮೊದಲ ಸ್ಟ್ರೋಕಿನಲ್ಲೇ ಅವರ ಮೆದುಳು ಎಡಗಡೆಯನ್ನ ಬಿಟ್ಟುಬಿಟ್ಟಿದೆ. ಕಣ್ಣು ಚೆನ್ನಾಗೇ ಇದೆ. ಆದರೆ ಎಡಗಡೆ ಅಂತ ಒಂದಿದೆ ಅನ್ನೋದೇ ಅವರಿಗೆ ಗೊತ್ತಾಗಲ್ಲ. ತಟ್ಟೇಲಿ ಎಡಗಡೆಯ ಅನ್ನ ಇರಲಿಲ್ಲ. ಹಾಳೇಲಿ ಎಡಗಡೆಯ ಸೂರ್ಯ ಇರಲಿಲ್ಲ. 'ಇದ್ದಿದ್ದೆಲ್ಲ ತಗೊಂಡೆ' ಅಂದಿದ್ದು ಸತ್ಯ. ನೀವೆಲ್ಲ ಮಾತ್ರೆ ಉಳಿದಿದ್ದು ಯಾವ ಹೊತ್ತಿನದು ಅಂತ ನೋಡಿದ್ರಿ. ಹಾಳೆಯ ಯಾವ ಕಡೆಯದು ಅಂತ ಯಾರೂ ನೋಡ್ಲಿಲ್ಲ."

"ಹಾಗಾದ್ರೆ ತಪ್ಪು ಯಾರದು?" ಅಣ್ಣನ ಸ್ವರ ಅರ್ಧಕ್ಕೆ ಇಳಿದಿತ್ತು.

"ನನ್ನದು. ನಿನ್ನ ತಂಗಿ ಅಪ್ಪನನ್ನ ನೋಡಿ ಹಾಳೆ ಮಾಡಿದ್ದಳು. ನಾನು ಬರೀ ಹಾಳೆ ನೋಡಿ ತಿದ್ದಿದೆ. ಯಾಕೆ ಖಾಲಿ ಬಿಟ್ಟೆ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು."

"ಹೇಳೋಕೆ ಬಂದಿದ್ದೆ ಮೇಡಂ," ಹುಡುಗಿ ಮೆಲ್ಲಗೆ ಅಂದಳು. "'ಮೊದ್ಲು ನೋಡೋಕೆ ನೆಟ್ಟಗಾಗ್ಲಿ' ಅಂದ್ರಿ. ಆದ್ರೂ ನಾನು ಅಪ್ಪನ ಮುಂದೆ ಇನ್ನೊಂದ್ಸಲ ಇಟ್ಟು ನೋಡ್ಬೇಕಿತ್ತು. ಅಂಟಿಸಿ ಕಾಲೇಜಿಗೆ ಓಡಿದೆ. ಮಾರ್ಕ್ಸ್ ಬರುತ್ತೆ ಅಂತ ಖುಷಿಯಾಗಿತ್ತು."

"ಪರೀಕ್ಷೆಯವರ ಹತ್ರ ನಾನು ಮಾತಾಡ್ತೀನಿ. ಹಳೇ ಹಾಳೇನೇ ಇಡು."

"ಬೇಡ ಮೇಡಂ. ಈ ಹಾಳೆಗೆ ನನಗೆ ಮಾರ್ಕ್ಸ್ ಬೇಡ."

ಇಷ್ಟು ವರ್ಷ ಕಳ್ಳರನ್ನು ಹಿಡಿದಾಗೆಲ್ಲ ಮೇಡಂ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು. ಇವತ್ತು ಆ ಮುಖ ನೋಡಲಾರದೆ ನಾನು ಬೀದಿಯ ಕಡೆ ತಿರುಗಿದೆ. ಯಾರನ್ನು ಬೈಯೋಣ? ಯಾರ ಮೇಲೆ ದೂರು ಕೊಡೋಣ? ಅಣ್ಣ ಅತ್ತೆಯ ಕೈಯಿಂದ ಚೀಲ ಇಸಿದುಕೊಳ್ಳಲು ಹೋದ. ಅವರು ಬಿಡಲಿಲ್ಲ.

"ತಾಯಿ, ಎಡಗಡೆ ಮನುಷ್ಯರು ಇದ್ರೂ ಗೊತ್ತಾಗಲ್ವಾ?" ಅತ್ತೆ ಕೇಳಿದರು.

"ಗೊತ್ತಾಗಲ್ಲಮ್ಮ."

"ನಾನು ದಿನಾ ಆ ಕಡೇನೇ ಕೂರ್ತಿದ್ದೆ. ಕಿಟಕಿ ಗಾಳಿ ಬರುತ್ತೆ ಅಂತ. ಎಷ್ಟು ಮಾತಾಡ್ಸಿದ್ರೂ ತಿರುಗಿ ನೋಡ್ತಿರ್ಲಿಲ್ಲ. ಅಕ್ಕ ಬೇಡವಾದಳು ಅಂದ್ಕೊಂಡೆ. ಹೊಟ್ಟೆ ಉರಿದು ಹಾಗಂದುಬಿಟ್ಟೆ." ಅವರು ಮೂಗು ಒರೆಸಿಕೊಂಡರು. "ನಡೀರಿ, ಈಗ್ಲೇ ಹೋಗಿ ಬಲಗಡೆ ಕೂತ್ಕೋತೀನಿ."

ಆಸ್ಪತ್ರೆಯಲ್ಲಿ ಒಳಗೆ ಬಿಡಲಿಲ್ಲ. ಗಾಜಿನ ಆಚೆಯಿಂದ ನೋಡಬಹುದು, ಅಷ್ಟೇ. ಹಾಸಿಗೆ ಹೇಗಿತ್ತೆಂದರೆ, ಗಾಜಿನ ಕಡೆಗಿದ್ದದ್ದು ರೋಗಿಯ ಎಡಮಗ್ಗುಲು.

"ಮಂಚ ಸ್ವಲ್ಪ ತಿರುಗಿಸಿ ಕೊಡಮ್ಮ," ಅತ್ತೆ ನರ್ಸನ್ನು ಬೇಡಿಕೊಂಡರು.

"ಆಗಲ್ಲ ಅಜ್ಜಿ. ಮೆಷಿನ್ನುಗಳ ವೈರು ಎಲ್ಲ ಆ ಕಡೆಯಿಂದಾನೇ ಬರ್ಬೇಕು."

ಹುಡುಗಿಯ ಅಪ್ಪ ಕಣ್ಣು ತೆರೆದರು. ಅತ್ತೆ ಗಾಜು ಬಡಿದು, "ಇಲ್ಲಿದ್ದೀನೋ, ಇಲ್ಲಿ" ಎಂದು ಕೈ ಬೀಸಿದರು. ಅಪ್ಪ ಬಲಗಡೆಯ ಗೋಡೆಯನ್ನೇ ನೋಡುತ್ತಿದ್ದರು. ಅತ್ತೆ ಕೈ ಬೀಸುವುದನ್ನು ನಿಲ್ಲಿಸಲಿಲ್ಲ.