ಎಂದು ಲಿಫ್ಟ್ ಮೆಕ್ಯಾನಿಕ್ ಹೇಳಿದರು

"ಈ ಲಿಫ್ಟ್ ಮೆಕ್ಯಾನಿಕ್ ನಿನಗೆ ಏನಾಗಬೇಕಮ್ಮ?"

ಪತ್ರಿಕೋದ್ಯಮದ ಮೇಡಂ ಹಾಗೆ ಕೇಳಿದಾಗ ಹುಡುಗಿ ತನ್ನ ವರದಿಗಳ ಕಟ್ಟನ್ನು ತಿರುವಿಹಾಕಿದಳು. ಸೆಮಿಸ್ಟರಿನಲ್ಲಿ ಬರೆದ ಹನ್ನೊಂದು ವರದಿಗಳನ್ನು ಮತ್ತೆ ಓದಿ, ತಾನೆಷ್ಟು ಬೆಳೆದೆ ಎಂದು ಎರಡು ಪುಟ ಬರೆದುಕೊಡಬೇಕಿತ್ತು. ಬೆಳೆದದ್ದೇನೋ ನಿಜ. ಮೊದಲ ವರದಿಯಲ್ಲಿ ಕಾಲೇಜಿನ ಕೆಟ್ಟ ಲಿಫ್ಟು 'ಮೂಕವಾಗಿ ರೋದಿಸುತ್ತಿತ್ತು'. ಕೊನೆಯದರಲ್ಲಿ ನಲ್ಲಿ ಸುಮ್ಮನೆ ಸೋರುತ್ತಿತ್ತು.

ಆದರೆ ಏಳು ವರದಿಗಳಲ್ಲಿ ಒಂದೇ ಸಾಲಿಗೆ ಕೆಂಪು ಸುತ್ತು ಬಿದ್ದಿತ್ತು: 'ಎಂದು ಲಿಫ್ಟ್ ಮೆಕ್ಯಾನಿಕ್ ಹೇಳಿದರು.' ಲಿಫ್ಟಿನ ಸುದ್ದಿಗೆ ಸರಿ. ಲೈಬ್ರರಿಯ ಕುರ್ಚಿಗೂ ಅವನೇ, ಪರೀಕ್ಷೆಯ ವೇಳಾಪಟ್ಟಿಗೂ ಅವನೇ, ಹುಡುಗಿಯರ ವಾಲಿಬಾಲ್ ಸೋಲಿಗೂ ಅವನೇ. ಬೇಕಾದವರ ಮಾತು ವರದಿಗೆ ನಡೆಯುವುದಿಲ್ಲ, ಹಾಗಿದ್ದರೆ ಏಳಕ್ಕೂ ಸೊನ್ನೆ, ಉತ್ತರವನ್ನೂ ಆ ಎರಡು ಪುಟದಲ್ಲೇ ಬರೆದುಕೊಡು ಎಂದರು ಮೇಡಂ.

ನೆಂಟನಂತೂ ಅಲ್ಲ. ಆದರೆ 'ಏನೂ ಅಲ್ಲ' ಎಂದು ಬರೆಯಹೋದರೆ ಪೆನ್ನು ಮುಂದಕ್ಕೇ ಹೋಗದು. ಅವಳು ಹೋಗುತ್ತಿದ್ದದ್ದು ಸುದ್ದಿಗೋ, ಗ್ರೀಸಿನ ಕೈ ಒರೆಸಿಕೊಳ್ಳುತ್ತ ಅವನು ಏರಿಸುವ ಆ ಒಂದು ಹುಬ್ಬಿಗೋ? ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಕುದುರೆಯ ಮೇಲೆ ಬರುತ್ತಿದ್ದ, ಗುರುತು ಸುಲಭ. ಲಿಫ್ಟಿನ ಕೆಳಗಿನ ಗುಂಡಿಯೊಳಗಿಂದ ತಲೆ ಎತ್ತುವವನನ್ನು ಏನೆಂದು ತಿಳಿಯುವುದು?

ಗುಂಡಿಯ ಬಳಿ ಹೋಗಿ ನಿಂತಳು.

"ಮೇಡಂ ಕೇಳ್ತಿದಾರೆ, ನೀವು ನನಗೆ ಏನಾಗಬೇಕು ಅಂತ."

ಅವನು ಸ್ಪ್ಯಾನರ್ ಕೆಳಗಿಟ್ಟ. "ಮೇಡಂ ಕೇಳ್ತಿದಾರೋ, ನೀವು ಕೇಳ್ತಿದೀರೋ?"

"ಅದೇ ಗೊತ್ತಾಗ್ತಿಲ್ಲ."

"ಈ ಲಿಫ್ಟ್ ಸರಿಹೋಗಿ ನಾಲ್ಕು ತಿಂಗಳಾಯ್ತು, ರಿಪೋರ್ಟರೇ. ತಿಂಗಳಿಗೊಂದು ಸಲ ನೋಡಿದ್ರೆ ಸಾಕು. ನಾನು ವಾರಕ್ಕೆರಡು ಸಲ ಬರ್ತೀನಿ. ಊರೆಲ್ಲಾ ಪ್ರಶ್ನೆ ಕೇಳಿದ್ರಿ, ಇದೊಂದು ಬಿಟ್ಟು."

ಅವಳ ಕಿವಿ ಬಿಸಿಯಾಯಿತು. ಯಾಕೆ ಬರುತ್ತೀರಿ ಎಂದು ಕೇಳಿದ್ದು ಅವಳಿಗೇ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು. ವಾಲಿಬಾಲ್ ಎಂದರೇನೆಂದೇ ತನಗೆ ಗೊತ್ತಿರಲಿಲ್ಲ, ಅವಳು ಕೇಳುತ್ತಾಳೆಂದು ಹಿಂದಿನ ದಿನ ಕೂತು ನಿಯಮ ಕಲಿತೆ ಎಂದ. ಅಭ್ಯಾಸಬಲದಿಂದ ಅವಳ ಕೈ ನೋಟ್‌ಬುಕ್ಕಿಗೆ ಹೋಯಿತು.

"ಬರ್ಕೋಬೇಡಿ," ಎಂದ ಮೆಲ್ಲಗೆ. "ಕೇಳಿಸ್ಕೊಳ್ಳಿ ಸಾಕು."

ಮರುದಿನ ಮೇಡಂ ಕೈಸೇರಿದ ಎರಡನೇ ಪುಟದ ಕೊನೆ ಹೀಗಿತ್ತು: 'ಇವರು ನನಗೆ ಏನಾಗಬೇಕೋ ಇನ್ನೂ ಸ್ಪಷ್ಟವಿಲ್ಲ. ಏನೋ ಆಗಬೇಕು ಎಂಬುದು ಖಚಿತ. ಏಳೂ ವರದಿಗಳನ್ನು ಬೇರೆಯವರನ್ನು ಮಾತನಾಡಿಸಿ ಮತ್ತೆ ಬರೆದುಕೊಡುತ್ತೇನೆ. ಇವರ ಮಾತು ಇನ್ನು ಅಚ್ಚಿಗಿಲ್ಲ.'