ಡಾರ್ನ್‌ಬಾಹ್ ಮನೆತನದ ವಿಂಪೆಲ್

1911ರ ಮಾರ್ಚ್ 12, ಭಾನುವಾರ. ಫ್ರಾಂಕ್‌ಫರ್ಟಿನ ಠಾಣೆಗೆ ಪಿಟೀಲು ತಯಾರಿಸುವ ಫೆಲಿಕ್ಸ್ ಡಾರ್ನ್‌ಬಾಹ್ ದೂರು ತಂದ. ಯಹೂದಿಗಳ ಪ್ರಾರ್ಥನಾಲಯವಾದ ಸಿನಗಾಗಿನಿಂದ ಅವನ ವಿಂಪೆಲ್ ಕಳುವಾಗಿತ್ತು. ಶಿಶುವಾಗಿದ್ದಾಗ ಸುನ್ನತಿಯ ದಿನ ಅವನಿಗೆ ಸುತ್ತಿದ್ದ ಬಟ್ಟೆ ಅದು. ತಾಯಿ ಅದನ್ನು ಉದ್ದ ಪಟ್ಟಿಯಾಗಿ ಹೊಲಿದು, ಅವನ ಹೆಸರು, ಹಾರೈಕೆಗಳ ಕಸೂತಿ ಹಾಕಿ, ತೋರಾ ಧರ್ಮಗ್ರಂಥದ ಸುರುಳಿಗೆ ಕಟ್ಟಲು ಒಪ್ಪಿಸಿದ್ದಳು.

"ಬರೋ ಶನಿವಾರ ನನ್ನ ಮಗಂದು ಒಪ್ಪಿಸ್ಬೇಕು ಸಾರ್. ನಮ್ಮನೇಲಿ ಅಪ್ಪನ ಪಟ್ಟಿ ಮೇಲೇ ಮಗಂದು ಕಟ್ಟೋದು. ನಂದೇ ಇಲ್ದಿದ್ರೆ ಮಗು ಯಾವ ಮನೇದು?"

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಬ್ರೂಗ್ಮನ್ ಕೇಳಿದರು.

"ಇಲ್ಲ" ಎನ್ನುವಾಗ ಫೆಲಿಕ್ಸ್ ನೆಲ ನೋಡಿದ.

ದೂರು ದಾಖಲಾಯಿತು. ಸಿನಗಾಗಿನಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ, ಹಿಂದಿನ ದಿನ ಪ್ರಾರ್ಥನೆಗೆ ಬಂದವರಲ್ಲೇ ಕಳ್ಳನಿರಬೇಕು. ಮೇಲ್ವಿಚಾರಕ ಸಾಲ್ಮನ್ ಒಪ್ಪಲಿಲ್ಲ.

"ಶನಿವಾರ ಸಬ್ಬತ್ತು, ದೇವರ ವಿಶ್ರಾಂತಿ ದಿನ. ಅವತ್ತು ನಮ್ಮೋರು ಕರ್ಚೀಫೂ ಹೊರಲ್ಲ ಸ್ವಾಮಿ. ಕೈ ಖಾಲಿ, ಜೇಬು ಖಾಲಿ."

"ಮೂಗು ಸೋರಿದ್ರೆ?"

"ಕತ್ತಿಗೆ ಸುತ್ಕೊಂಡು ಬರ್ತಾರೆ. ತೊಟ್ಟಿದ್ದು ಹೊರೆಯಲ್ಲ."

ಕಾನ್‌ಸ್ಟೆಬಲ್ ಕುಂಟ್ಸ್ ಕಿಸಕ್ಕನೆ ನಕ್ಕ. "ಅಂದ್ರೆ ಕದ್ರೂ ಹೊರಬಾರ್ದು!"

ಬ್ರೂಗ್ಮನ್ ನಗಲಿಲ್ಲ. "ನಿನ್ನೆ ಯಾರ ಸೊಂಟ ದಪ್ಪ ಆಗಿತ್ತು?"

ಸಾಲ್ಮನ್ ತಡವರಿಸಿದ. "ಎಮಿಲ್ ಸಾಹೇಬ್ರು... ಅಷ್ಟು ಚಳೀಲೂ ಕೋಟಿನ ಗುಂಡಿ ಹಾಕಿರ್ಲಿಲ್ಲ."

ಎಮಿಲ್ ಫೆಲಿಕ್ಸನ ತಂದೆ. ರೈಲುಮಾರ್ಗಗಳಿಗೆ ಬಂಡವಾಳ ಎತ್ತಿಕೊಡುವ ಬ್ಯಾಂಕಿನ ಮೂರನೇ ತಲೆಮಾರು. ಮಗ ಬ್ಯಾಂಕು ಬಿಟ್ಟ ದಿನದಿಂದ ಮಾತು ಬಿಟ್ಟಿದ್ದರು.

"'ಪಿಟೀಲಿನ ಮೇಲೆ ಯಾರಯ್ಯಾ ಹೂಡ್ತಾರೇಂ?'" ದಾರಿಯುದ್ದಕ್ಕೂ ಕುಂಟ್ಸ್ ಊರೆಲ್ಲಾ ಬಲ್ಲ ಎಮಿಲ್‌ರ ಮೂಗುದನಿ ಅಣಕಿಸಿದ. ಬಾಗಿಲು ತೆರೆದದ್ದು ಆ ಮೂಗೇ.

ಪಟ್ಟಿ ಮೇಜಿನ ಮೇಲೆ ಹರಡಿತ್ತು.

"ಸುಡೋಣಾಂತ ಸೊಂಟಕ್ಕೆ ಸುತ್ಕೊಂಡ್ ಬಂದೆ," ಎಂದರು ಎಮಿಲ್. "ಅವನ ಹೆಸರು ಅಲ್ಲಿರ್ಬಾರ್ದು ಅಂತ."

"ಯಾಕೆ ಸುಡ್ಲಿಲ್ಲ?"

"ತೋರಾ ಕಲೀಲಿ, ಮದುವೆ ಆಗ್ಲಿ, ಒಳ್ಳೇ ಕೆಲಸ ಮಾಡ್ಲಿ ಅಂತ ಹೊಲ್ದಿದಾಳೆ ನಮ್ಮಾಕೆ. ಮೂರೂ ಮಾಡಿದಾನೆ. ಬ್ಯಾಂಕ್ ನಡೆಸ್ಲಿ ಅಂತ ಎಲ್ಲೂ ಇಲ್ಲ, ಇನ್ಸ್‌ಪೆಕ್ಟ್ರೇ. ಅದು ನಾನೊಬ್ಬನೇ ಅಂದ್ಕೊಂಡಿದ್ದು."

ಸಂಜೆ ಆರಕ್ಕೆ ದಸ್ತಗಿರಿ. ಬ್ಯಾಂಕಿನ ಜೊತೆ ಮನೆತನದ ಹೆಸರೂ ತನ್ನೊಂದಿಗೇ ಮುಗಿಯಿತೆಂಬ ಭಯವೇ ಆರೋಪಿಯನ್ನು ಪ್ರೇರೇಪಿಸಿದ್ದೆಂದು ಬ್ರೂಗ್ಮನ್ ದಾಖಲಿಸಿದರು.

ಮಾಲು ಗುರುತಿಸಲು ಫೆಲಿಕ್ಸ್ ಬಂದ. ತಂದೆ ತಲೆಯೆತ್ತಲಿಲ್ಲ. "ಮಗೂಗೆ ಏನಂತ ಹೆಸರಿಟ್ಟೆ?"

"ಯೋನಾಸ್. ನಿಮ್ಮಪ್ಪನ ಹೆಸರು."

ಎಮಿಲ್ ಕೋಟಿನ ಗುಂಡಿ ಹಾಕಲು ಹೋದರು, ಸಾಲು ತಪ್ಪಿತು. ಫೆಲಿಕ್ಸ್ ಬಗ್ಗಿ ತಾನೇ ಹಾಕಿದ.

"ಸಾರ್, ಶನಿವಾರದೊಳಗೆ ಇವರಿಗೆ ಜಾಮೀನು ಸಿಗುತ್ತಾ?"

"ಜಾಮೀನಿಗೆ ನಿಲ್ಲೋರು ಯಾರು?"

ಅರ್ಧ ಯುರೋಪಿನ ಸಾಲಕ್ಕೆ ಜಾಮೀನು ನಿಂತಿದ್ದ ಮನುಷ್ಯನ ಪಕ್ಕದಲ್ಲಿ ಪಿಟೀಲು ಮಾಡುವವನು ಕೈಯೆತ್ತಿದ.